ಜಿಎಸ್‌ಟಿ ಮಂಡಳಿಗೆ ಬೈಲಹೊಂಗಲದ ಅರಿವೆ ಅಂಗಡಿಯಿಂದ



2017ರ ಜುಲೈ 1ರಂದು ಜಿಎಸ್‌ಟಿ ಬರುವ ಮೊದಲು ಸೀರೆಯ ಬೆಲೆ ಎಂದರೇನೆಂದೇ ನಮಗೆ ತಿಳಿದಿರಲಿಲ್ಲ. ರಾಮದುರ್ಗದ ಮಾಲು 10,000 ರೂಪಾಯಿಗೆ ಕುದುರಿದರೆ ಅದೇ ಬೆಲೆ ಅಂದುಕೊಂಡಿದ್ದೆವು. ನಿಮ್ಮ ಕಾಯ್ದೆಯ 15ನೇ ಕಲಮು ಕಣ್ಣು ತೆರೆಸಿತು. ಮಾರುವವರು ಗಂಟು ಕಟ್ಟಿಸಿದ ಖರ್ಚು, ಹಮಾಲಿ ಬಿಲ್ಲಿಗೆ ಹಚ್ಚಿದರೆ ಅವೂ ಸೀರೆಯೇ. ಹಣ ತಡವಾಯಿತೆಂದು ಬಡ್ಡಿ ಹಾಕಿದರೆ ಬಡ್ಡಿಯೂ ಸೀರೆಯೇ, ಅದಕ್ಕೂ ಶೇ. 5. ಉಡಲು ಮಾತ್ರ ಬರುವುದಿಲ್ಲ.

ಆಷಾಢದಲ್ಲಿ ತಂದ ಉದ್ರಿ ಮಾಲಿನ ಬಾಕಿಯನ್ನು ಸವದತ್ತಿ ಎಲ್ಲಮ್ಮನ ಭರತ ಹುಣ್ಣಿಮೆ ಮುಗಿದ ಮೇಲೆ ತೀರಿಸುವವನು ನಾನು. ರಾಮದುರ್ಗದವರು ತಾಳಿಕೊಳ್ಳುತ್ತಾರೆ. ನೀವು ತಾಳುವುದಿಲ್ಲ. ಬಿಲ್ಲು ಹರಿದು 180 ದಿನ ದಾಟಿತೋ, ಖರೀದಿಗೆ ಕೊಟ್ಟ ತೆರಿಗೆಯ ವಜಾ ಎಂದು ತೆಗೆದುಕೊಂಡ ಇನ್‌ಪುಟ್ ಬಡ್ಡಿಸಮೇತ ವಾಪಸ್ ಕಟ್ಟಬೇಕು. ಉದ್ರಿ ಕೊಟ್ಟವರಿಗೇ ಇಲ್ಲದ ಅವಸರ ನಿಮಗೆ! (ಬಾಕಿ ತೀರಿಸಿದ ಮೇಲೆ ಇನ್‌ಪುಟ್ ಮತ್ತೆ ಸಿಗುತ್ತದೆ, ಬಡ್ಡಿ ಸಿಗುವುದಿಲ್ಲ. ಸುಳ್ಳು ಹೇಳಬಾರದು.)

ಆದರೆ ಅಡ್ಡಬೀಳಬೇಕಾದದ್ದು 16ನೇ ಕಲಮಿಗೆ. ಒಬ್ಬ ಮಾರಾಟಗಾರರಿಗೆ ಮಾಲಿನ ಹಣದ ಜೊತೆ 500 ರೂಪಾಯಿ ತೆರಿಗೆಯನ್ನೂ ಬ್ಯಾಂಕಿನಿಂದಲೇ ಕೊಟ್ಟೆ. ಬಿಲ್ಲು ಫೈಲಿನಲ್ಲಿದೆ, ಸೀರೆ ಕಪಾಟಿನಲ್ಲಿದೆ. ಆದರೆ ಮಾರಿದವರು ಆ ತೆರಿಗೆಯನ್ನು ನಿಮಗೆ ಕಟ್ಟಲಿಲ್ಲ. ಅವರಿಗೆ ಜಿಎಸ್‌ಟಿ ನಂಬರು ಕೊಟ್ಟವರು ನೀವು, ಇನ್‌ಪುಟ್ ವಾಪಸ್ ಕಟ್ಟೆಂದು ನೋಟಿಸು ಬಂದದ್ದು ನನಗೆ. ಅಂದಿನಿಂದ ಪ್ರತಿ ತಿಂಗಳು 14ಕ್ಕೆ ಪೋರ್ಟಲ್‌ನಲ್ಲಿ 2ಬಿ ಪಟ್ಟಿ ತೆರೆದು, ಮಾರಿದವರು ರಿಟರ್ನಿನಲ್ಲಿ ನನ್ನ ಬಿಲ್ಲು ತೋರಿಸಿದ್ದಾರೋ ಇಲ್ಲವೋ ಎಂದು ಜಾತಕ ನೋಡಿದ ಹಾಗೆ ನೋಡುತ್ತೇನೆ. ಹೆಣ್ಣಿನ ಕಡೆಯವರೂ ಇಷ್ಟು ವಿಚಾರಿಸುವುದಿಲ್ಲ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ರಾಮದುರ್ಗದ ನೇಕಾರರ ಮನೆ ಹೊಕ್ಕು ಮಗ್ಗ, ನೂಲು ಹಾಳು ಮಾಡಿದಳು. 17(5)ನೇ ಕಲಮಿನ ಪ್ರಕಾರ ನಾಶವಾದ ಮಾಲಿಗೂ ಇನ್‌ಪುಟ್ ಇಲ್ಲ. ಹೊಳೆ ಬಿಟ್ಟುಹೋದದ್ದು ನಿಮ್ಮ ಪಾಲಿಗೆ.

1824ರಲ್ಲಿ ಕಿತ್ತೂರಿನ ಖಜಾನೆಗೆ ಮೊಹರು ಹಾಕಲು ಕಲೆಕ್ಟರ್ ಥ್ಯಾಕರೆ ಧಾರವಾಡದಿಂದ ಖುದ್ದಾಗಿ ಬರಬೇಕಾಯಿತು. ಅಕ್ಟೋಬರ್ 23ರಂದು ಕೋಟೆಯೆದುರೇ ಪ್ರಾಣ ಬಿಟ್ಟ. ನಿಮ್ಮ ಅಧಿಕಾರಿಗಳಿಗೆ ಆ ತಾಪತ್ರಯವಿಲ್ಲ. ಇನ್‌ಪುಟ್ ಅಕ್ರಮವೆಂದು ನಂಬಲು ಕಾರಣವಿದೆಯೆಂದು ಬರೆದಿಟ್ಟರೆ, 86ಎ ನಿಯಮದಡಿ ಕುಂತಲ್ಲಿಂದಲೇ ನಮ್ಮ ಇನ್‌ಪುಟ್‌ಗೆ ಒಂದು ವರ್ಷದವರೆಗೆ ಬೀಗ ಹಾಕಬಹುದು.

ಕೇಳುವುದು ಇಷ್ಟೇ: ತೆರಿಗೆ ಇಸಿದುಕೊಂಡು ಕಟ್ಟದವರ ಬಾಗಿಲು ಮೊದಲು ಬಡಿಯಿರಿ. ಅವರ ವಿಳಾಸ ನಿಮ್ಮ ಪೋರ್ಟಲ್‌ನಲ್ಲೇ ಇದೆ.

ಇತಿ ತಮ್ಮ ವಿಧೇಯ,
ಒಂದೇ ತೆರಿಗೆ ಎರಡು ಸಲ ಕಟ್ಟಿದವನು

ತಾ.ಕ.: ದೀಪಾವಳಿಗೆ ನಿಮ್ಮ ಮನೆಯವರಿಗೆ ಸೀರೆ ಉಡುಗೊರೆ ಕಳಿಸುವ ಮನಸ್ಸಿತ್ತು. ಪುಕ್ಕಟೆ ಕೊಟ್ಟ ಮಾಲಿಗೆ ಇನ್‌ಪುಟ್ ಇಲ್ಲವೆಂದು ನಮ್ಮ ಸಿಎ ತಡೆದರು. ಹಣ ಕಳಿಸಿದರೆ ಬಿಲ್ಲು ಸಮೇತ ಕಳಿಸುತ್ತೇನೆ. ಹಮಾಲಿ ಬೇರೆ.