ಹೊರಗಿನ ಲೋಟ

ಧೈರ್ಯದ ವಿಷಯದಲ್ಲಿ ಶಿಕಾರಿಪುರ ತಾಲ್ಲೂಕಿನ ಮಕ್ಕಳ ಪಾಡು ಕಷ್ಟದ್ದು. ಎತ್ತ ಹೊರಳಿದರೂ ಯಾರಾದರೊಬ್ಬರು ಸಾಹಸ ಮಾಡಿಟ್ಟು ಹೋಗಿದ್ದಾರೆ. ಕತ್ತಲಲ್ಲಿ ಹಿತ್ತಿಲಿಗೆ ಹೋಗಲು ಅಕ್ಕ ಅಂಜಿದರೆ, ಉಡುತಡಿಯ ಮಹಾದೇವಿ ಅರಮನೆಯನ್ನೇ ಬಿಟ್ಟು ಒಬ್ಬಳೇ ಕಲ್ಯಾಣಕ್ಕೆ ನಡೆದದ್ದನ್ನು ಅಪ್ಪ ನೆನಪಿಸುತ್ತಿದ್ದ. ಅಂಗಡಿಗೆ ಹೋಗಲು ನಾನು ಗೊಣಗಿದರೆ ಈಸೂರು ಬರುತ್ತಿತ್ತು. 1942ರಲ್ಲಿ ಆ ಊರವರು ತಮ್ಮದೇ ಸರ್ಕಾರ ಕಟ್ಟಿ, ಬಾಲಕರನ್ನೇ ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಮಾಡಿದ್ದರು. "ಅವರು ಸರ್ಕಾರ ನಡೆಸೋಕೆ ಹೊರಟಿದ್ರು, ನೀನು ಬೆಲ್ಲ ತರೋಕೆ ಅಳ್ತೀಯ!" ಆಮೇಲೆ, ಮರುವರ್ಷ ಆ ಊರಿನ ಐವರು ಗಲ್ಲಿಗೇರಿದ್ದನ್ನೂ ಹೇಳುತ್ತಿದ್ದ. ನಾನು ಸುಮ್ಮನೆ ಚೀಲ ಎತ್ತಿಕೊಳ್ಳುತ್ತಿದ್ದೆ.

ತಾಳಗುಂದದ ಮಯೂರಶರ್ಮನ ಕಥೆ ಮಾತ್ರ ಅಪ್ಪನಿಗೆ ಇಕ್ಕಟ್ಟು. ಓದಲು ಕಂಚಿಗೆ ಹೋದವನು ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಕತ್ತಿ ಹಿಡಿದು ರಾಜನಾದನೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ಓದು ಬಿಟ್ಟರೆ ರಾಜ್ಯ ಸಿಗುತ್ತದೆ ಎಂಬ ನೀತಿಯನ್ನು ಪರೀಕ್ಷೆಯ ಹೊತ್ತಿಗೆ ನಾವೇ ಅಪ್ಪನಿಗೆ ಬೋಧಿಸುತ್ತಿದ್ದೆವು.

ಇಷ್ಟೆಲ್ಲ ಹೇಳುವ ಅಪ್ಪ ಕೊಂಬಿರುವ ಯಾವ ಪ್ರಾಣಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ದೀಪಾವಳಿಗೆ ಸೊರಬ ಸೀಮೆಯ ಅಜ್ಜಿಮನೆಗೆ ಹೋದಾಗ ಇದು ಊರಿಗೆಲ್ಲ ಗೊತ್ತಾಗುತ್ತಿತ್ತು. ಹಬ್ಬದ ಬೆನ್ನಿಗೇ ಅಲ್ಲಿ ಹೋರಿ ಬೆದರಿಸುವುದು. ಕೊಬ್ಬರಿ ಸರ, ಬಲೂನು ಕಟ್ಟಿಸಿಕೊಂಡ ಹೋರಿ ಬೀದಿಗೆ ನುಗ್ಗಿತೆಂದರೆ ಹುಡುಗರು ಮೇಲೆ ಬಿದ್ದು ಕೊಬ್ಬರಿ ಹರಿಯುತ್ತಾರೆ. ಅಷ್ಟರಲ್ಲಿ ಅಪ್ಪ ಅಟ್ಟ ಹತ್ತಿರುತ್ತಿದ್ದ.

ಒಂದು ವರ್ಷ, ಅಜ್ಜಿಮನೆಯ ಎದುರೇ ಹೋರಿಯ ಕೊರಳಿಗೆ ಜೋತುಬಿದ್ದು ಕೊಬ್ಬರಿ ಕಿತ್ತ ಹುಡುಗನೊಬ್ಬ ಏದುಸಿರು ಬಿಡುತ್ತ ಜಗುಲಿಯ ಕೆಳಗೆ ನಿಂತು ನೀರು ಕೇಳಿದ. ಸೂರಿನ ಸಂದಿಯಲ್ಲಿದ್ದ ನೆಗ್ಗಿದ ಅಲ್ಯೂಮಿನಿಯಂ ಲೋಟವನ್ನು ಅವನೇ ತೆಗೆದುಕೊಳ್ಳಬೇಕು. ಅಜ್ಜಿ ಚೊಂಬಿನಿಂದ ಎತ್ತರಿಸಿ ಹೊಯ್ಯುತ್ತಾಳೆ. ಊರೇ ಹೆದರುವ ಹೋರಿಯನ್ನು ಮುಟ್ಟಬಹುದಾದ ಕೈ ನಮ್ಮ ಚೊಂಬನ್ನು ಮುಟ್ಟುವಂತಿರಲಿಲ್ಲ. ಅವನು ಕುಡಿದು, ತೊಳೆದು, ಕವುಚಿಟ್ಟ. ಅಟ್ಟದಿಂದ ಇಳಿದ ಅಪ್ಪ ಅದೇ ಲೋಟ ಎತ್ತಿ ಅಜ್ಜಿಯ ಮುಂದೆ ಹಿಡಿದ.

"ಅತ್ತೆ, ನನಗೂ ಒಂಚೂರು ಹೊಯ್ಯಿರಿ."

"ಅಯ್ಯೋ ಅಳಿಯಂದ್ರೇ, ಅದು ಹೊರಗಿಂದು!"

ಅಪ್ಪ ತಾನೇ ಚೊಂಬು ಬಗ್ಗಿಸಿಕೊಂಡು ಕುಡಿದುಬಿಟ್ಟ. "ಹಾಗಾದ್ರೆ ನಾನೂ ಹೊರಗಿನವನಾದೆ. ಎಲೆ ಇಲ್ಲೇ ಹಾಕಿಬಿಡಿ."

ದೀಪಾವಳಿಗೆ ಬಂದ ಅಳಿಯ ಜಗುಲಿಯಲ್ಲಿ ಕೂತು ಹೋಳಿಗೆ ತಿಂದರೆ ಜನ ಹೋರಿ ನೋಡುವುದು ಬಿಟ್ಟು ಅಜ್ಜಿಮನೆ ನೋಡುತ್ತಾರೆ. ಅಜ್ಜಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಳಿಯ ಒಳಗೆ ಬಂದ. ಕೈಯಲ್ಲಿದ್ದ ಲೋಟವೂ ಬಂತು. ಇನ್ನು ಕಾಫಿಯೂ ಅದರಲ್ಲೇ ಆಗಬೇಕೆಂದು ಅಪ್ಪ ಹಟ ಹಿಡಿದ. ಬೇರೆ ದಾರಿಯಿಲ್ಲದೆ ಅಜ್ಜಿ ಅದನ್ನು ಬೂದಿ ಹಚ್ಚಿ ಬೆಳಗಿ, 'ಅಳಿಯನ ಲೋಟ'ವೆಂದು ಗೂಡಿನಲ್ಲಿಟ್ಟಳು. ಈಗಲೂ ಅದನ್ನು ಮನೆಯವರು ಯಾರೂ ಮುಟ್ಟುವಂತಿರಲಿಲ್ಲ, ಕಾರಣ ಮಾತ್ರ ಬೇರೆ.

ಮರುವರ್ಷ ಅದೇ ಹುಡುಗ ಬಂದು ನೀರು ಕೇಳಿದಾಗ ಸೂರಿನ ಸಂದಿ ಖಾಲಿ. ಅಳಿಯನ ಲೋಟ ಕೊಡುವಂತಿಲ್ಲ. ಹೊರಗಿನವರಿಗೆಂದು ಹೊಸದು ಕೊಳ್ಳಲು ಅಜ್ಜಿಯ ಸೊಂಟದ ಚೀಲ ಬಿಚ್ಚುವುದಿಲ್ಲ. ಮಡಿಗೂ ಜಿಪುಣತನಕ್ಕೂ ನಡೆದ ಕಾಳಗದಲ್ಲಿ ಜಿಪುಣತನ ಗೆದ್ದು, ಅಡುಗೆಮನೆಯ ಸ್ಟೀಲ್ ಲೋಟ ಜಗುಲಿಗೆ ಬಂತು. ಹಬ್ಬವಲ್ಲವೇ, ಹಿಂದೆಯೇ ಒಂದು ಹೋಳಿಗೆಯೂ ಬಂತು.

ಊರಿಗೆ ಮರಳಿದ ಮೇಲೆ ಕೇಳಿದೆ: "ಹೋರಿ ಬಂದ್ರೆ ಅಟ್ಟ ಹತ್ತೀಯಲ್ಲಪ್ಪ, ಅಜ್ಜಿಗೆ ಹೆದರಲಿಲ್ವಾ?"

"ಹೋರಿಗಿಂತ ಜಾಸ್ತೀನೇ ಹೆದ್ರಿದ್ದೆ ಮಾರಾಯ. ಹೋರಿ ಕಂಡು ನಾನು ಓಡಿದ್ರೆ ಯಾರಿಗೇನು ನಷ್ಟ? ಅಜ್ಜಿ ಕಂಡು ಓಡಿದ್ರೆ ಆ ಹುಡುಗ ಜಗುಲಿ ಕೆಳಗೇ ನಿಂತಿರ್ತಿದ್ದ."

ಅಮ್ಮ ಒಲೆಯ ಮುಂದಿನಿಂದಲೇ ಕೂಗಿದಳು: "ಆ ಲೋಟದಲ್ಲಿ ಬಿಸಿ ಕಾಫಿ ಕುಡಿದು ತುಟಿ ಸುಟ್ಕೊಂಡಿದ್ದನ್ನೂ ಹೇಳ್ರಿ!"