ಪೌತ್ರಲಾಲನ ಮೀಮಾಂಸೆ

ಅಜ್ಜ-ಅಜ್ಜಿಯರು ಮೊಮ್ಮಕ್ಕಳನ್ನು ಕೆಡಿಸುತ್ತಾರೆ ಎಂಬುದು ಪೂರ್ವಪಕ್ಷ. ಈ ಪಕ್ಷಕ್ಕೆ ಪ್ರತಿ ಮನೆಯಲ್ಲೂ ಇಬ್ಬರೇ ಸದಸ್ಯರು: ಅಪ್ಪ ಮತ್ತು ಅವ್ವ. ಕೆಡಿಸುವುದಿಲ್ಲ, ಕೆಡಿಸಿದರೂ ಅದು ಶಾಸ್ತ್ರಸಮ್ಮತ ಎಂಬುದು ಸಿದ್ಧಾಂತ. ಅಜ್ಜಿಯ ಎಲೆಯಡಿಕೆ ಸಂಚಿಯೇ ಇದಕ್ಕೆ ಆಕರ, ಬೆಣ್ಣೆಯ ನೆಲುವೇ ವಿದ್ಯಾಪೀಠ. ಪ್ರಬಂಧಕಾರ ಸ್ವತಃ ಫಲಾನುಭವಿಯಾದ್ದರಿಂದ ಅವನ ನಿಷ್ಪಕ್ಷಪಾತವನ್ನು ಯಾರೂ ಶಂಕಿಸಬಾರದು.

ಮೊದಲು ಪ್ರಮಾಣವಿಚಾರ. ಇಲ್ಲಿ ಪ್ರತ್ಯಕ್ಷ ಪ್ರಮಾಣ ನಡೆಯುವುದಿಲ್ಲ. ಲಾಲನಕ್ರಿಯೆಯೆಲ್ಲ ಸೆರಗಿನ ಮರೆಯಲ್ಲಿ, ಅದೂ ಅವ್ವ ಹಿತ್ತಲಿಗೆ ಹೋದ ಹೊತ್ತು ನೋಡಿಯೇ ಜರುಗುತ್ತದೆ. ಹೀಗಾಗಿ ಕುಮಾರಿಲ ಭಟ್ಟನ ಅನುಯಾಯಿಗಳು ಒಪ್ಪಿದ ಆರು ಪ್ರಮಾಣಗಳಲ್ಲಿ ಅರ್ಥಾಪತ್ತಿಗೇ ಶರಣಾಗಬೇಕು. ಮೀಮಾಂಸಕರ ಉದಾಹರಣೆ ಪ್ರಸಿದ್ಧ: ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಅಂದಮೇಲೆ ರಾತ್ರಿ ಉಣ್ಣುತ್ತಿರಲೇಬೇಕು. ಈ ದೇವದತ್ತನಿಗೆ ಒಬ್ಬ ಅಜ್ಜಿ ಇದ್ದಿರಬೇಕೆಂದು ಯಾವ ಪಂಡಿತನಿಗೂ ಹೊಳೆಯದಿದ್ದುದು ನಮ್ಮ ತರ್ಕಪರಂಪರೆಯ ದೊಡ್ಡ ಲೋಪ. ನಮ್ಮೂರ ಕಡೆಯ ದೇವದತ್ತರು ರಾತ್ರಿ ತಾಟು ಸರಿಸಿ “ಹಸಿವಿಲ್ಲ” ಅಂದರೆ, ಅವ್ವಂದಿರು ಹಣೆ ಮುಟ್ಟಿ ಜ್ವರ ನೋಡುತ್ತಿದ್ದರು. ಮುಟ್ಟಬೇಕಾಗಿದ್ದುದು ಚಡ್ಡಿಯ ಕಿಸೆ. ಅಲ್ಲಿ ಶೇಂಗಾ ಉಂಡಿಯ ಪುಡಿ ಇರುತ್ತಿತ್ತು.

ಅನುಪಲಬ್ಧಿಯೂ ಉಂಟು; ಇಲ್ಲದಿರುವುದನ್ನು ಅರಿಯುವ ಪ್ರಮಾಣ ಅದು. ನಾಗರಪಂಚಮಿಗೆಂದು ಕಟ್ಟಿಟ್ಟ ಉಂಡಿಯ ಡಬ್ಬಿ ಹಬ್ಬಕ್ಕೆ ಮೊದಲೇ ತಳ ತೋರಿಸಿದಾಗ ಅವ್ವ ಈ ಪ್ರಮಾಣವನ್ನು ಬಹಳ ಜೋರಾಗಿ ಮಂಡಿಸುತ್ತಿದ್ದಳು. ಅಜ್ಜಿಯ ಖಂಡನೆ ಚುಟುಕಾದದ್ದು: “ಇಲಿ ತಿಂದಿರಬೇಕು ತಗೋ.” ಹಿತ್ತಾಳೆ ಡಬ್ಬಿಯ ಮುಚ್ಚಳ ತೆಗೆದು, ತಿಂದು, ಮತ್ತೆ ಗಟ್ಟಿಯಾಗಿ ಒತ್ತಿ ಮುಚ್ಚಿ ಹೋಗುವ ಆ ಇಲಿಯ ಜಾತಿಯನ್ನು ಪ್ರಾಣಿಶಾಸ್ತ್ರಜ್ಞರು ಇನ್ನೂ ಗುರುತಿಸಬೇಕಾಗಿದೆ.

ಇನ್ನು ನ್ಯಾಯಶಾಸ್ತ್ರ. ಇಲ್ಲಿ ನಮ್ಮ ನಾಡಿಗೆ ವಿಶೇಷ ಅಧಿಕಾರವಿದೆ, ಏಕೆಂದರೆ ಮಿತಾಕ್ಷರ ಹುಟ್ಟಿದ್ದು ಕಲ್ಯಾಣದಲ್ಲಿ. 1076ರಲ್ಲಿ ಪಟ್ಟಕ್ಕೆ ಬಂದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನದ ಪ್ರಕಾರ, ಅಜ್ಜನ ಆಸ್ತಿಯಲ್ಲಿ ಮೊಮ್ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ಜೀಮೂತವಾಹನ ತನ್ನ ದಾಯಭಾಗದಲ್ಲಿ ಇದನ್ನು ಒಪ್ಪಲಿಲ್ಲ. ಅಲ್ಲಿ ಹಿರಿಯರು ಕಣ್ಣು ಮುಚ್ಚುವವರೆಗೂ ಕಾಯಬೇಕು. ಕಲ್ಯಾಣದ ಕಡೆಯ ಮಕ್ಕಳಿಗೆ ಆ ಕರ್ಮವಿಲ್ಲ. ಅಜ್ಜ ಮಧ್ಯಾಹ್ನ ಅಡ್ಡಾದಾಗ ಗೂಟಕ್ಕೆ ತೂಗುಹಾಕಿದ ಅಂಗಿಯ ಕಿಸೆಯಿಂದ ನಾಲ್ಕಾಣೆ ತೆಗೆದ ಹುಡುಗ ಕಳ್ಳನಲ್ಲ, ಅವಿಭಕ್ತ ಕುಟುಂಬದ ಪಾಲುದಾರ. (ದಶಮಾಂಶ ನಾಣ್ಯ 1957ರಲ್ಲೇ ಬಂದಿದ್ದರೂ ಅಜ್ಜನ ಖಜಾನೆಯ ವ್ಯವಹಾರ ಕೊನೆಯವರೆಗೂ ಆಣೆಯಲ್ಲೇ ನಡೆಯಿತು.) ಅಜ್ಜ ಒಂದು ಕಣ್ಣು ಅರ್ಧ ತೆರೆದು ನೋಡಿ ಮಗ್ಗುಲಾಗುತ್ತಿದ್ದ. ಕಾನೂನಿನಲ್ಲಿ ಇದಕ್ಕೆ ಮೌನಸಮ್ಮತಿ ಎನ್ನುತ್ತಾರೆ.

ಹೆಣ್ಣುಮಕ್ಕಳಿಗೆ ಈ ಜನ್ಮಸಿದ್ಧ ಪಾಲನ್ನು ಸಂಸತ್ತು ಕೊಟ್ಟದ್ದು 2005ರ ತಿದ್ದುಪಡಿಯಲ್ಲಿ. ಅಜ್ಜಿಯ ನ್ಯಾಯಾಲಯ ಅದಕ್ಕಿಂತ ಎಷ್ಟೋ ಮೊದಲೇ ಕೊಟ್ಟಿತ್ತೆಂದು ನಾನು ಬರೆಯುವವನಿದ್ದೆ. ಆದರೆ ನನ್ನ ಅಕ್ಕ ಆಕ್ಷೇಪ ಎತ್ತಿದ್ದಾಳೆ. ಬಿಸಿ ರೊಟ್ಟಿಯ ಮೇಲಿನ ಬೆಣ್ಣೆಯಲ್ಲಿ ನನ್ನ ಗಡ್ಡೆಯೇ ಯಾವಾಗಲೂ ದೊಡ್ಡದಿರುತ್ತಿತ್ತು ಎಂಬ ಆಕೆಯ ದಾವೆ ಇನ್ನೂ ಇತ್ಯರ್ಥವಾಗಿಲ್ಲ. ಆ ಗಡ್ಡೆಯ ಗಾತ್ರದ ಬಗ್ಗೆ ಪ್ರತಿವಾದಿಗೆ ನೆನಪಿದೆ. ವಕೀಲರ ಸಲಹೆಯಂತೆ ಹೇಳುತ್ತಿಲ್ಲ.

ಎಲ್ಲಕ್ಕಿಂತ ಜಟಿಲವಾದದ್ದು ಬಡ್ಡಿಯ ಪ್ರಶ್ನೆ. ಅಸಲಿಗಿಂತ ಬಡ್ಡಿಯ ಮೇಲೆ ಪ್ರೀತಿ ಹೆಚ್ಚು ಎಂದು ಜನ ಆಡುತ್ತಾರೆ; ಮಗ ಅಸಲು, ಮೊಮ್ಮಗ ಬಡ್ಡಿ. ಆದರೆ ಹಿಂದೂ ಧರ್ಮಶಾಸ್ತ್ರದ ದಾಮದುಪಟ್ ನಿಯಮದಂತೆ ಯಾವ ಕಾಲಕ್ಕೂ ವಸೂಲಿಯಾಗುವ ಬಡ್ಡಿ ಅಸಲನ್ನು ಮೀರಕೂಡದು. ಮುಂಬಯಿ ಪ್ರಾಂತದ ಕೋರ್ಟುಗಳು ಇದನ್ನು ಮಾನ್ಯ ಮಾಡಿದ್ದವು, ಧಾರವಾಡ-ವಿಜಯಪುರಗಳು ಆ ಪ್ರಾಂತದಲ್ಲೇ ಇದ್ದವು. ಅಂದಮೇಲೆ ಆ ಸೀಮೆಯ ಅಜ್ಜಂದಿರೆಲ್ಲ ಕಾನೂನು ಮುರಿದವರೇ. ಅಸಲಿನ ಸಾಕ್ಷ್ಯವಂತೂ ಕರುಳು ಹಿಂಡುವಂಥದ್ದು. ನಮ್ಮಪ್ಪ ಗಣಿತ ತಪ್ಪಿದ್ದಕ್ಕೆ ಎತ್ತಿನ ಬಾರುಕೋಲಿನ ಏಟು ತಿಂದವನು. ಅದೇ ಗಣಿತವನ್ನು ನಾನು ಅದೇ ರೀತಿ ತಪ್ಪಿದಾಗ ಅದೇ ಅಜ್ಜ, “ಲೆಕ್ಕ ಕಲಿತು ಏನ್ ಮಾಡೋದೈತಿ, ಹೋಗ್ಲಿ ಬಿಡು” ಎಂದು ಸಂತೆಯಿಂದ ತಂದ ಬೆಂಡು-ಬತ್ತಾಸಿನ ಪೊಟ್ಟಣ ಬಿಚ್ಚಿದ. ಅಪ್ಪ ಬಾಗಿಲಲ್ಲಿ ನಿಂತು ಆ ಪೊಟ್ಟಣವನ್ನೇ ನೋಡುತ್ತಿದ್ದ.

ವಿಜ್ಞಾನದ ಸಮರ್ಥನೆಯೂ ಇದೆ. ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರು ಟಾಂಜಾನಿಯಾದ ಹಾಡ್ಜಾ ಜನರ ನಡುವೆ ಅಧ್ಯಯನ ನಡೆಸಿ, ಅಜ್ಜಿಯರು ನೆಲ ಅಗೆದು ತಂದ ಗೆಡ್ಡೆಗಳಿಂದ ಮೊಮ್ಮಕ್ಕಳು ಹೊಟ್ಟೆ ತುಂಬಿಸಿಕೊಳ್ಳುವುದನ್ನು ಕಂಡರು. ಹೆರುವ ವಯಸ್ಸು ಮುಗಿದ ಮೇಲೂ ಹೆಂಗಸರು ಅಷ್ಟು ಕಾಲ ಬಾಳುವುದೇಕೆ ಎಂಬ ಒಗಟಿಗೆ ಇದೇ ಉತ್ತರವೆಂದು 1998ರಲ್ಲಿ ವಾದಿಸಿದರು. ಅಗೆಯುವ ಕೆಲಸ ನಮ್ಮಲ್ಲೂ ಇತ್ತು: ಅಜ್ಜಿ ಸಂಚಿಯೊಳಗೆ ಕೈಬಿಟ್ಟು ಅಡಕೊತ್ತು, ಸುಣ್ಣದ ಡಬ್ಬಿ, ಲವಂಗ ಎಲ್ಲ ದಾಟಿ ತಳದಿಂದ ಒಂದು ಪೆಪ್ಪರ್‌ಮಿಂಟು ಹೊರತೆಗೆಯುತ್ತಿದ್ದಳು. ಅದಕ್ಕೆ ತಂಬಾಕಿನ ವಾಸನೆ. ಇವತ್ತಿಗೂ ಬರೀ ಪೆಪ್ಪರ್‌ಮಿಂಟು ನನಗೆ ಸಪ್ಪೆ. ಅಜ್ಜಂದಿರ ವಿಷಯದಲ್ಲಿ ಈ ವಾದ ಅಷ್ಟು ಉದಾರವಾಗಿಲ್ಲ. ಅವರು ಬತ್ತಾಸನ್ನೇ ನಂಬಿಕೊಳ್ಳಬೇಕು.

ಕೊನೆಗೆ ಉಳಿದದ್ದು ಶಬ್ದಪ್ರಮಾಣ. ಅಪ್ಪ ನಮ್ಮ ಮೇಲೆ ಕೈ ಎತ್ತಿದಾಗಲೆಲ್ಲ ಅಜ್ಜಿ ಒಂದೇ ಮಾತು ಪ್ರಯೋಗಿಸುತ್ತಿದ್ದಳು: “ನೀ ಸಣ್ಣಾಂವಿದ್ದಾಗ ಏನ್ ಮಾಡಿದ್ದಿ, ಹುಡುಗರ ಮುಂದ ಹೇಳ್ಲೇನು?” ಎತ್ತಿದ ಕೈ ಇಳಿಯುತ್ತಿತ್ತು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊಲದ ಕಡೆ ಹೋಗುತ್ತಿದ್ದ. ಅವನು ಏನು ಮಾಡಿದ್ದನೆಂಬುದು ಈ ಶಾಸ್ತ್ರದ ಮೂಲಸೂತ್ರ. ಅದನ್ನು ಸಂಪಾದಿಸಲು ನಾನೂ ಅಕ್ಕನೂ ದಾವೆ ಮರೆತು ಒಂದಾಗಿ, ಯಾರೋ ನೆಂಟರು ತಂದ ಧಾರವಾಡ ಪೇಡೆಯನ್ನು ಅಜ್ಜಿಗೆ ಲಂಚವಾಗಿ ಕೊಟ್ಟದ್ದುಂಟು. ಅಜ್ಜಿ ಪೇಡೆ ತಿಂದಳು, ಬೆರಳು ನೆಕ್ಕಿದಳು, ಸೂತ್ರ ಹೇಳಲಿಲ್ಲ.