ಬಿಡದ ದೆವ್ವಕ್ಕೆ ಮೂರು ಪ್ರಶ್ನೆ

ಅಮಾವಾಸ್ಯೆ ಬಂತೆಂದರೆ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ ನಾಡಿನ ದೆವ್ವಗಳೆಲ್ಲ ಬಸ್ಸು ಹತ್ತಿ ಬರುತ್ತವೆ. ತಾವಾಗಿ ಬರುವುದಿಲ್ಲ, ಮನೆಯವರು ಹಿಡಿದು ತರುತ್ತಾರೆ. ತುಂಗಭದ್ರೆಯಲ್ಲಿ ಮುಳುಗಿಸಿ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ ಮುಂದೆ ನಿಲ್ಲಿಸುತ್ತಾರೆ. ದೆವ್ವ ಬಿಡಿಸುವ ಕಡೆಯೆಲ್ಲ ವಿಚಾರಣೆಗೊಂದು ಕ್ರಮವುಂಟು: ಯಾರು ನೀನು? ಏನು ಬೇಕು? ಯಾವಾಗ ಬಿಡ್ತೀಯಾ? ಹಳೆಯ ದೆವ್ವಗಳು ಮರ್ಯಾದೆಯವು. ಹೆಸರು ಹೇಳಿ, ಊರು ಹೇಳಿ, ಸೀರೆಯೋ ಬಳೆಯೋ ಕೇಳಿ, ವಾಯಿದೆ ಕೊಟ್ಟು ಹೋಗುತ್ತಿದ್ದವು.

ಈಗ ದಾವಣಗೆರೆ, ಹರಿಹರದ ಮನೆಮನೆಯಲ್ಲಿ ಹುಡುಗರ ಅಂಗೈಗೆ ಮೆತ್ತಿಕೊಂಡಿರುವುದನ್ನೂ ಇದೇ ಮೂರು ಪ್ರಶ್ನೆ ಕೇಳಿ ನೋಡೋಣ. ಲಕ್ಷಣಗಳೇನೋ ಅವೇ. ರಾತ್ರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ತನ್ನಷ್ಟಕ್ಕೆ ತಾನೇ ನಗುತ್ತಾನೆ, ಕನ್ನಡಿ ಮುಂದೆ ಕುಣಿಯುತ್ತಾನೆ, ಹತ್ತು ಸಲ ಕರೆದರೂ ಓಗೊಡುವುದಿಲ್ಲ. ಮೊದಲಾಗಿದ್ದರೆ ತಾಯಿ ನಿಂಬೆಹಣ್ಣು ನಿವಾಳಿಸುತ್ತಿದ್ದಳು. ಈಗ 'ನಮ್ಮ ಹುಡುಗ ಕಂಟೆಂಟ್ ಕ್ರಿಯೇಟರ್' ಎಂದು ಬೀಗರ ಮುಂದೆ ಹೇಳಿಕೊಳ್ಳುತ್ತಾಳೆ.

ಯಾರು ನೀನು?

'ನಿನ್ನ ಗೆಳೆಯ, ಅದೂ ಪುಕ್ಕಟೆ' ಅನ್ನುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸಾಪ್ ಮೂರೂ ಮೆಟಾ ಎಂಬ ಒಂದೇ ಮನೆಯವು. ಆ ಮನೆಯ 2024ರ ಆದಾಯ ಸುಮಾರು 16,450 ಕೋಟಿ ಡಾಲರ್. ಅದರಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಬಂದದ್ದು ಜಾಹೀರಾತಿನಿಂದ. ಅಲ್ಲಿಗೆ ಗೆಳೆಯನಲ್ಲ, ದಲಾಲಿ ಎಂದಾಯಿತು. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ತಂದ ರೈತನಿಗೆ ತೂಕದ ಚೀಟಿಯಾದರೂ ಸಿಗುತ್ತದೆ. ಇಲ್ಲಿ ಮಾರಾಟವಾಗುವ ಮಾಲು ಹುಡುಗನ ಹೊತ್ತು. ಎಷ್ಟು ತೂಗಿತು, ಎಷ್ಟಕ್ಕೆ ಹೋಯಿತು ಎಂದು ಅವನಿಗೆ ಯಾರೂ ಹೇಳುವುದಿಲ್ಲ.

ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಒಂದು ತಲೆಮಾರು ಲೇತ್ ಯಂತ್ರ ತಯಾರಿಸಿತು. ಸೈರನ್ ಕೂಗಿದರೆ ಪಾಳಿ ಮುಗಿಯಿತು, ತಿಂಗಳು ತುಂಬಿದರೆ ಪಗಾರ ಬಂತು. ಆ ಬಾಗಿಲು ಮುಚ್ಚಿ ಎರಡು ದಶಕ ದಾಟಿತು. ಅವರ ಮೊಮ್ಮಕ್ಕಳು ಈಗ ಹಾಸಿಗೆಯಲ್ಲೇ ಮೂರೂ ಪಾಳಿ ದುಡಿಯುತ್ತಿದ್ದಾರೆ. ಪಗಾರ ಲೈಕಿನಲ್ಲಿ. ಯೂನಿಯನ್ ಇಲ್ಲ, ಬೋನಸ್ ಇಲ್ಲ, ಸೈರನ್ನಂತೂ ಇಲ್ಲವೇ ಇಲ್ಲ. ಪುಟದ ಕೊನೆ ಬರದಂತೆ ಉರುಳುತ್ತಲೇ ಇರುವ ಸ್ಕ್ರೋಲನ್ನು 2006ರಲ್ಲಿ ರೂಪಿಸಿದವನು ಏಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರ. ಎಂಥ ಕೆಲಸ ಮಾಡಿಬಿಟ್ಟೆ ಎಂದು ಆಮೇಲೆ ಪೇಚಾಡಿಕೊಂಡ. ಅವನು ಪೇಚಾಡಿಕೊಂಡ ವಿಡಿಯೋವನ್ನೂ ನಮ್ಮ ಹುಡುಗರು ಹೆಬ್ಬೆರಳಲ್ಲಿ ಮೇಲಕ್ಕೆ ತಳ್ಳಿ ಮುಂದೆ ಹೋದರು.

ಏನು ಬೇಕು?

ದಾವಣಗೆರೆಯ ಯಾವುದಾದರೂ ಬೆಣ್ಣೆದೋಸೆ ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ಕೂತು ನೋಡಿ. ಸೌದೆ ಒಲೆಯ ಕಾವಲಿ ಮುಂದೆ ಒಬ್ಬ ಇನ್‌ಫ್ಲುಯೆನ್ಸರ್ ನಿಂತಿರುತ್ತಾನೆ. ದೋಸೆಯ ಮೇಲೆ ಬೆಣ್ಣೆ ಬೀಳುತ್ತದೆ. 'ಅಣ್ಣಾ, ಫೋಕಸ್ ಆಗ್ಲಿಲ್ಲ, ಇನ್ನೊಂದ್ಸಲ ಹಾಕ್ರಿ.' ಇನ್ನೊಂದು ಮುದ್ದೆ ಬೀಳುತ್ತದೆ. 'ಈಗ ಸ್ವಲ್ಪ ಸ್ಲೋ ಆಗಿ.' ಮೂರನೆಯದೂ ಬೀಳುತ್ತದೆ. ಅಷ್ಟರಲ್ಲಿ ದೋಸೆ ತಣ್ಣಗಾಗಿ, ಮೂವತ್ತು ವರ್ಷದಿಂದ ಅದೇ ಮೂಲೆಯಲ್ಲಿ ತಿನ್ನುವ ಗಿರಾಕಿ ಎದ್ದು ಹೋಗಿರುತ್ತಾನೆ. ಇನ್‌ಫ್ಲುಯೆನ್ಸರ್ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ ತಲೆಯಾಡಿಸುತ್ತಾನೆ. ಬಿಲ್ ಬಂದಾಗ 'ಪ್ರಮೋಷನ್ ಮಾಡೀನಲ್ರೀ' ಎಂದು ಮತ್ತೊಮ್ಮೆ ತಲೆಯಾಡಿಸುತ್ತಾನೆ. ಮಾಲೀಕ ಸುಮ್ಮನಾಗುತ್ತಾನೆ. ಹೊಗಳಿಕೆಗೆ ಖರ್ಚು ಒಂದು ದೋಸೆ. ತೆಗಳಿಕೆ ವೈರಲ್ ಆದರೆ ಹೋಟೆಲೇ ಖರ್ಚು.

ದುಡ್ಡನ್ನೋ ಪುಕ್ಕಟೆ ಮಾಲನ್ನೋ ಪಡೆದು ಹೊಗಳುವವರು ಅದು ಜಾಹೀರಾತೆಂದು ಹೇಳಲೇಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಸೂಚಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವುಂಟು. ದೋಸೆಯ ಮಟ್ಟಕ್ಕೆ ಈ ಕಾನೂನು ಇಳಿದು ಬಂದದ್ದನ್ನು ಯಾರೂ ಕಂಡಿಲ್ಲ. ದೊಡ್ಡವರ ಮಟ್ಟದಲ್ಲೂ ಅಷ್ಟೇ. ಕ್ರಿಕೆಟ್ ತಾರೆಯರೇ 'ಬಾ, ತಂಡ ಕಟ್ಟು, ಕೋಟಿ ಗೆಲ್ಲು' ಎಂದು ವರ್ಷಗಟ್ಟಲೆ ಕರೆದರು. ಹುಡುಗರು ಹೋಗಿ ಅಪ್ಪನ ದುಡ್ಡು ಕಟ್ಟಿದರು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು ನಿಷೇಧಿಸಿದ್ದು 2025ರ ಆಗಸ್ಟ್‌ನಲ್ಲಿ. ಕರೆದವರು ಬೇರೆ ಜಾಹೀರಾತಿಗೆ ಹೋದರು, ಕಟ್ಟಿದವರು ಕೈಸಾಲಕ್ಕೆ ಹೋದರು.

ಇದಕ್ಕೆ ಹೊತ್ತು ಬೇಕು, ದುಡ್ಡು ಬೇಕು, ಕೆಲವೊಮ್ಮೆ ಜೀವವೂ ಬೇಕು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಫತ್ತೇಪುರದಿಂದ ಉಕ್ಕಡಗಾತ್ರಿಗೆ ಹೋಗುವ ರಸ್ತೆ ಮುಳುಗುತ್ತದೆ. ತಲೆಯಿದ್ದವರು ಬೈಕು ತಿರುಗಿಸುತ್ತಾರೆ. ಫೋನಿದ್ದವರು ಇಳಿಯುತ್ತಾರೆ. 'ಲೇ, ಇನ್ನೆರಡು ಹೆಜ್ಜಿ ಮುಂದಕ್ಕ ಹೋಗಲೇ, ನೀರು ಸೊಂಟಕ್ಕ ಬಂದ್ರ ವೈರಲ್ ಆಗ್ತತಿ!'

ಯಾವಾಗ ಬಿಡ್ತೀಯಾ?

ಈ ಪ್ರಶ್ನೆಗೆ ಅದರ ಬಳಿ ಲಿಖಿತ ಉತ್ತರವೇ ಇದೆ. ಇನ್‌ಸ್ಟಾಗ್ರಾಂ ಖಾತೆ ಅಳಿಸಿ ಎಂದು ಕೇಳಿಕೊಂಡರೆ 30 ದಿನ ಕಾಯಿಸುತ್ತದೆ. ಅಷ್ಟರೊಳಗೆ ಒಮ್ಮೆ ಲಾಗಿನ್ ಆದರೂ ಅರ್ಜಿ ರದ್ದು, ಮತ್ತೆ ಮೈಮೇಲೆ ಹಾಜರ್. ಹಳೆಯ ದೆವ್ವ ಊರ ಗಡಿ ದಾಟಿ ಹೋಗುತ್ತಿತ್ತು, ಇದು ಹೊಸ್ತಿಲಲ್ಲೇ ಕೂತು ತಿಂಗಳು ಎಣಿಸುತ್ತದೆ.

ಗದ್ದುಗೆಯಂಥ ಜಾಗದಲ್ಲೂ ಇದರ ಆಟ ನಿಲ್ಲುವುದಿಲ್ಲ. ಕೂದಲು ಕೆದರಿಕೊಂಡು ಓಲಾಡುವ ಹೆಣ್ಣುಮಗಳೊಬ್ಬಳ ಮುಖಕ್ಕೆ, ಅವಳನ್ನಾಗಲಿ ಅವಳ ಮನೆಯವರನ್ನಾಗಲಿ ಕೇಳದೆ, ಫೋನು ಹಿಡಿದು ನಿಲ್ಲುವವನಿದ್ದಾನಲ್ಲ, ಇಬ್ಬರಲ್ಲಿ ದೆವ್ವ ಹಿಡಿದದ್ದು ಯಾರಿಗೆ? ಅವಳಾದರೂ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತಾಳೆ. ವಿಡಿಯೋ ಹೋಗುವುದಿಲ್ಲ. ಹಿನ್ನೆಲೆಗೆ ಸಿನಿಮಾ ಹಾಡು ಅಂಟಿಸಿಕೊಂಡು, ಮುಂದೆ ಅವಳಿಗೆ ಬರುವ ಗಂಡಿನ ಕಡೆಯವರ ಫೋನಿಗೆ ಅವಳಿಗಿಂತ ಮೊದಲೇ ಹೋಗಿ ಕೂರುತ್ತದೆ.

ಹಾಗೆಂದು ಸರ್ಕಾರ ಸುಮ್ಮನೆ ಕೂತಿಲ್ಲ. 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆ-ತಾಯಿಯ ಒಪ್ಪಿಗೆ ಬೇಕು, ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸಕೂಡದು ಎಂದು 2023ರಲ್ಲೇ ಕಾನೂನು ಮಾಡಿತು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಅವುಗಳಲ್ಲಿ ಮುಖ್ಯವಾದವು ಜಾರಿಯಾಗಲು ಮತ್ತೆ 18 ತಿಂಗಳ ಅವಕಾಶ. ಅಜ್ಜಯ್ಯನ ಕಾಲದಲ್ಲಿ ದೆವ್ವ ವಾಯಿದೆ ಕೊಡುತ್ತಿತ್ತು, ಈಗ ದೆವ್ವಕ್ಕೇ ವಾಯಿದೆ ಕೊಡುವ ಪದ್ಧತಿ ಬಂದಿದೆ.

ವಾಯಿದೆ ಮುಗಿದ ಮೇಲೆ ಏನಾದೀತೆಂದು ಹೇಳಲು ಶಾಸ್ತ್ರ ಕೇಳಬೇಕಾಗಿಲ್ಲ. ತಂದೆಯ ಒಪ್ಪಿಗೆ ಎಂದರೆ ತಂದೆಯ ಫೋನಿಗೆ ಬರುವ ಓಟಿಪಿ. ಮಂಡಿಪೇಟೆಯಲ್ಲಿ ದಿನವಿಡೀ ವ್ಯಾಪಾರ ಮಾಡಿ ಬಂದ ಅಪ್ಪ, ಟಿವಿ ಮುಂದೆ ಕೂತು ವಾಟ್ಸಾಪಿನಲ್ಲಿ ಬಂದ 'ಹತ್ತು ಜನಕ್ಕೆ ಕಳಿಸಿ, ಶುಭವಾಗುತ್ತದೆ' ಎಂಬುದನ್ನು ಇಪ್ಪತ್ತು ಜನಕ್ಕೆ ಕಳಿಸುತ್ತಿರುತ್ತಾನೆ. ಫೋನು ಟಿಣ್ ಅನ್ನುತ್ತದೆ. 'ಏನೋ ನಂಬರ್ ಬಂತಲ್ಲೋ, ಏನಿದು ನೋಡು' ಎಂದು ಮಗನ ಕೈಗೆ ಕೊಡುತ್ತಾನೆ. 'ಏನಿಲ್ಲ ಬಿಡಪ್ಪಾ' ಅನ್ನುತ್ತಾನೆ ಮಗ. ಒಪ್ಪಿಗೆ ದಾಖಲಾಗುತ್ತದೆ.